ಆಯುಧಪೂಜೆಯ ದಿನ ಕೊಂಡ ಮಿಷನ್

ಹೊಲಿಗೆ ಮಿಷನ್ ಕೊಳ್ಳಲು ಬರುವವರನ್ನು ನೋಡಿ ನೋಡಿ ನನ್ನ ತಲೆ ಕೆಟ್ಟುಹೋಗಿದೆ. ಮಿಷನ್ ಬೇಕಾದದ್ದು ಹೆಂಡತಿಗೆ, ಆರಿಸುವವನು ಗಂಡ. ಅವನು ಬಂದವನೇ ಪಕ್ಕದ ಚಕ್ರವನ್ನು ಗಿರ್ರೆಂದು ಹಿಂದಕ್ಕೆ ತಿರುಗಿಸುತ್ತಾನೆ. ಹಿಂದಕ್ಕೆ ತಿರುಗಿಸಿದರೆ ಒಳಗೆ ನೂಲು ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅದು ಸಿಕ್ಕಿಹಾಕಿಕೊಂಡಾಗಿರುತ್ತದೆ. ಆಮೇಲೆ ಮೇಜಿನ ಪಾಲಿಶ್ ಸವರುತ್ತಾನೆ, ಡ್ರಾಯರ್ ಎಳೆದು ನೋಡುತ್ತಾನೆ, ಮಿಷನಿನ ಮೈಮೇಲೆ ಬರೆದ ಬಂಗಾರದ ಬಣ್ಣದ ಹೂವನ್ನು ಮೆಚ್ಚುತ್ತಾನೆ. ಹೊಲಿಗೆ ಹೇಗೆ ಬೀಳುತ್ತದೆ ಎಂದು ಕೇಳಿದವರು ತೀರ ಕಡಿಮೆ. ಮೂವತ್ತು ವರ್ಷದ ನನ್ನ ಕೆಲಸದಲ್ಲಿ ಒಂದೇ ಪ್ರಶ್ನೆ ಕೇಳಿ ನನ್ನನ್ನು ದಂಗುಬಡಿಸಿದವರು ಒಬ್ಬರೇ, ವಾಮಂಜೂರಿನ ಕುಶಲಕ್ಕ.

ನಾನು ಒಸ್ವಾಲ್ಡ್. ಹಂಪನಕಟ್ಟೆಯ ಹತ್ತಿರ ವಿಠಲ ರಾಯರ ಮಿಷನ್ ಅಂಗಡಿಯಲ್ಲಿ ರಿಪೇರಿ ಮಾಡುವವನು. ರಾಯರದ್ದು ದೇವಸ್ಥಾನದ ಅರ್ಚಕರ ಮನೆತನ. ಅಣ್ಣ ಪೂಜೆಗೆ ನಿಂತರು, ತಮ್ಮ ವ್ಯಾಪಾರಕ್ಕೆ ಬಂದರು, ಆದರೆ ಆಚಾರದಲ್ಲಿ ತಮ್ಮನೇ ಒಂದು ಕೈ ಮೇಲೆ. ನವರಾತ್ರಿಯ ಆಯುಧಪೂಜೆಯ ದಿನ ಅಂಗಡಿಯ ಮಿಷನ್‌ಗಳನ್ನೆಲ್ಲ ಒರೆಸಿ, ಉದ್ದ ಮೇಜಿಗೆ ಕೆಂಪು ಬಟ್ಟೆ ಹಾಸಿ ಅದರ ಮೇಲೆ ಸಾಲಾಗಿ ಕೂರಿಸಿ, ಗಂಧ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕುತ್ತಿದ್ದರು. ಆ ದಿನ ಆಯುಧಗಳಿಗೆ ವಿಶ್ರಾಂತಿ. ಚಕ್ರ ತಿರುಗಿಸುವಂತಿಲ್ಲ, ಸ್ಕ್ರೂಡ್ರೈವರ್ ಹಿಡಿಯುವಂತಿಲ್ಲ. ತಮಾಷೆಯೆಂದರೆ, ಮಿಷನ್ ಕೊಳ್ಳಲು ಊರಿನವರಿಗೆ ಒಳ್ಳೆಯ ದಿನವೂ ಅದೇ. ಹಾಗಾಗಿ ವರ್ಷದಲ್ಲಿ ಅತಿ ಹೆಚ್ಚು ಮಿಷನ್ ಮಾರಿಹೋಗುವ ದಿನ ಒಂದನ್ನೂ ಓಡಿಸಿ ನೋಡುವಂತಿರಲಿಲ್ಲ. ರಾಯರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಮರುದಿನದಿಂದ ಬೈಗುಳ ತಿನ್ನಬೇಕಾದವನು ನಾನಲ್ಲವೇ?

ಎಪ್ಪತ್ತೆಂಟನೆಯ ಇಸವಿಯ ಆಯುಧಪೂಜೆಯ ದಿನ ಹನ್ನೊಂದು ಗಂಟೆಗೆ ಗುಣಪಾಲ ಶೆಟ್ಟರು ಅಂಗಡಿಗೆ ಬಂದರು. ಪೇಟೆಯಲ್ಲಿ ಹೋಟೆಲು, ಮಣ್ಣಗುಡ್ಡದಲ್ಲಿ ಮನೆ, ಮಾತು ಅಂಗಡಿಯ ಹೊರಗೂ ಕೇಳುವಷ್ಟು ದೊಡ್ಡದು. ಅವರ ಹಿಂದೆ ಅವರ ತಂಗಿಯ ಮಗಳು ಕುಶಲಕ್ಕ, ಮೂವತ್ತರ ಆಸುಪಾಸಿನವರು. ಅವರ ಸೆರಗು ಹಿಡಿದು ಆರು ವರ್ಷದ ಮಗಳು ಸ್ನೇಹಲತಾ.

"ರಾಯರೇ, ಒಂದು ಮಿಷನ್ ಕೊಡಿ. ನಾನೂರರ ಮೇಲೆ ಹೋಗ್ಲಿಕ್ಕಿಲ್ಲ. ಬೇಗ ಆಗ್ಬೇಕು, ನಾಳೆ ಬೆಳಿಗ್ಗೆ ನನಗೆ ಬೊಂಬಾಯಿ ಬಸ್ಸು ಉಂಟು" ಎಂದರು ಶೆಟ್ಟರು. ಯಾರೂ ಕೇಳದಿದ್ದರೂ ಉಳಿದ ಕತೆಯನ್ನೂ ಹೇಳಿದರು. "ಇವಳ ಗಂಡ ತೀರಿಹೋಗಿ ಎರಡು ವರ್ಷ ಆಯ್ತು. ಬೊಂಬಾಯಿಯಲ್ಲಿ ನನ್ನ ಅಣ್ಣನ ಮನೆಯಲ್ಲಿ ಅಡುಗೆಗೆ ಜನ ಬೇಕು, ಹೋಗು ಅಂದೆ. ಮಗುವನ್ನು ಇಲ್ಲಿ ಬೋರ್ಡಿಂಗಿಗೆ ಹಾಕುವ ಅಂದೆ. ಇವಳಿಗೆ ಹೊಲಿಗೆಯೇ ಆಗ್ಬೇಕಂತೆ. ಆಯ್ತು, ನೋಡುವ. ನನ್ನ ಹೋಟೆಲಿನ ಸಪ್ಲಾಯರ್‌ಗಳಿಗೆ ಮೂವತ್ತಾರು ಅಂಗಿ ಆಗ್ಬೇಕು. ದೀಪಾವಳಿಗೆ ನಾನು ವಾಪಸು ಬರುವಾಗ ಮುಗಿದಿದ್ರೆ ಹೋಟೆಲಿನ ಹೊಲಿಗೆ ಎಲ್ಲ ಇವಳಿಗೆ. ಇಲ್ಲದಿದ್ರೆ ಬೊಂಬಾಯಿ."

ತಾಯಿಯ ಕಡೆಯಿಂದ ಮನೆತನ ಸಾಗುವ ಬಂಟರ ಮನೆಗಳಲ್ಲಿ ಸೋದರಮಾವ ಹೇಳಿದ ಮೇಲೆ ಮುಗಿಯಿತು. ಮಾವ ನಾಲ್ಕು ಜನರೆದುರು ಅವರ ಮನೆಯ ಸಂಗತಿಯನ್ನೆಲ್ಲ ಹರಡಿದರೂ ಕುಶಲಕ್ಕ ತಲೆ ತಗ್ಗಿಸಲಿಲ್ಲ. ಅವರ ಕಣ್ಣು ಆಗಲೇ ಮೇಜಿನ ಮೇಲಿದ್ದ ಎಂಟು ಮಿಷನ್‌ಗಳ ಮೇಲಿತ್ತು.

"ಸ್ವಲ್ಪ ಓಡಿಸಿ ನೋಡಬಹುದಾ?" ಎಂದು ಕೇಳಿದರು.

"ಇವತ್ತು ಆಗುವುದಿಲ್ಲಮ್ಮಾ. ಪೂಜೆ ಆದದ್ದು" ಎಂದರು ರಾಯರು.

"ನಾಳೆ ಬಂದ್ರೆ?"

"ನಾಳೆ ನಾನು ಇಲ್ಲ" ಎಂದರು ಶೆಟ್ಟರು. "ಒಳ್ಳೆ ದಿನ, ನನ್ನ ಕೈಯಿಂದ ಹಣ ಹೋಗ್ಬೇಕು. ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು? ಇದು ತಕ್ಕೋ, ಲಕ್ಷಣ ಉಂಟು." ಅವರ ಕೈ ಬಂಗಾರದ ಹೂವಿನ ಮೇಲಿತ್ತು. ನಾನು ಮನಸ್ಸಿನಲ್ಲೇ ನಕ್ಕೆ. ಇನ್ನು ಈ ಹೆಂಗಸು ಹೂವಿನ ಮಿಷನ್ ಹೊತ್ತುಕೊಂಡು ಹೋಗುವುದು, ಹದಿನೈದು ದಿನದಲ್ಲಿ ನನ್ನ ಹತ್ತಿರ ಅಳುತ್ತ ಬರುವುದು ಎಂದುಕೊಂಡೆ.

ಕುಶಲಕ್ಕ ಮಿಷನ್‌ಗಳನ್ನು ಮುಟ್ಟಲೇ ಇಲ್ಲ. ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಳಗೆ ಇಳಿಬಿದ್ದಿದ್ದ ಕೆಂಪು ಬಟ್ಟೆಯ ಅಂಚನ್ನು ಕೈಗೆತ್ತಿಕೊಂಡರು. ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಅಂಚು ಮಗುಚಿ ಅಡಿಭಾಗ ನೋಡಿದರು. ಮೂಲೆಯಲ್ಲಿ ಬಟ್ಟೆ ನಾಲ್ಕು ಮಡಿಕೆಯಾದ ಜಾಗವನ್ನು ಎರಡೂ ಕಡೆಯಿಂದ ಎಳೆದು ನೋಡಿದರು. ಶೆಟ್ಟರು ಗಡಿಯಾರ ನೋಡುತ್ತಿದ್ದರು.

"ಇದು ಯಾರು ಹೊಲಿದದ್ದು?"

"ನಾನು" ಎಂದೆ.

"ಯಾವ ಮಿಷನಿನಲ್ಲಿ?"

ನಾನು ದಂಗಾದೆ. ಒಂದೂ ಮಿಷನ್ ಓಡಬಾರದ ದಿನ ಮಿಷನಿನ ಹೊಲಿಗೆಯನ್ನು ಪರೀಕ್ಷೆ ಮಾಡಲು ಅಂಗಡಿಯಲ್ಲಿದ್ದ ದಾರಿ ಅದೊಂದೇ. ಅದು ನನಗೆ ಹೊಳೆದಿರಲಿಲ್ಲ. ಅಂಗಡಿಯವರು ತಮ್ಮ ಸ್ವಂತ ಕೆಲಸಕ್ಕೆ ಯಾವುದನ್ನು ಓಡಿಸುತ್ತಾರೋ ಅದೇ ಒಳ್ಳೆಯ ಮಿಷನ್ ಎಂಬ ಲೆಕ್ಕಾಚಾರ. ಅಂಥ ತಲೆಗೆ ಅಲ್ಲೇ ಕೈಮುಗಿಯಬೇಕಿತ್ತು. ಅದರ ಬದಲು ನಾನೊಂದು ಹಲ್ಕಟ್ಟು ಕೆಲಸ ಮಾಡಿದೆ.

ಆ ಬಟ್ಟೆ ಹೊಲಿದ ಮಿಷನ್ ಮೇಜಿನ ಮೇಲಿರಲಿಲ್ಲ, ಒಳಗಿನ ಕೋಣೆಯಲ್ಲಿತ್ತು. ಮೂರು ಸತ್ತ ಮಿಷನ್‌ಗಳ ಭಾಗ ಸೇರಿಸಿ ಎರಡು ವರ್ಷ ಕೂತು ನಾನೇ ಕಟ್ಟಿದ್ದು. ಕಪ್ಪು ಬಣ್ಣ ಸವೆದು ಹೆಸರು ಅಳಿಸಿಹೋಗಿದ್ದ ಹಳೆಯ ತಲೆ, ಆದರೆ ಹೊಲಿಗೆ ಮಾತ್ರ ಮುತ್ತು ಪೋಣಿಸಿದ ಹಾಗೆ. ನಿಜ ಹೇಳಿದರೆ ರಾಯರು ನನ್ನನ್ನು ಕೇಳುವುದೂ ಇಲ್ಲ, ನಾನೂರು ರೂಪಾಯಿಗೆ ಅದನ್ನು ಎತ್ತಿ ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು.

"ಇದರಲ್ಲಿ" ಎಂದು ಕೈಗೆ ಹತ್ತಿರವಿದ್ದ ಹಸಿರು ಮಿಷನನ್ನು ತೋರಿಸಿದೆ.

ಆ ಹಸಿರು ಮಿಷನಿಗೆ ಒಂದು ದೋಷವಿತ್ತು. ತೆಳು ಬಟ್ಟೆಗೆ ಚೆನ್ನಾಗಿಯೇ ಹೊಲಿಯುತ್ತಿತ್ತು, ದಪ್ಪ ಬಂದರೆ ಹೊಲಿಗೆ ಹಾರಿಸುತ್ತಿತ್ತು. ಸರಿ ಮಾಡಿಯೇ ಹೊರಗಿಡುವ ಎಂದು ನಾನು ಹೇಳಿದ್ದೆ, ಹಬ್ಬ ಕಳೆದ ಮೇಲೆ ನೋಡುವ ಎಂದು ರಾಯರು ಹೇಳಿದ್ದರು. ಅಂಗಿಯ ಕಾಲರು, ಹೆಗಲು, ಕೈಪಟ್ಟಿ ಎಲ್ಲ ದಪ್ಪವೇ ಎಂಬುದು ಬಾಯಿಯಿಂದ ಮಾತು ಹೊರಬಿದ್ದ ಮೇಲೆ ನೆನಪಾಯಿತು.

ಕುಶಲಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಹಸಿರು ಮಿಷನನ್ನು ನೋಡಿದರು. ಆಮೇಲೆ ಮಾವನ ಕಡೆ ತಿರುಗಿ, "ಇದೇ ಇರಲಿ ಮಾವ" ಎಂದರು. ಹೂವಿನದ್ದನ್ನು ಬಿಟ್ಟದ್ದಕ್ಕೆ ಶೆಟ್ಟರಿಗೆ ಅಸಮಾಧಾನ. ಆದರೂ ಹಣ ಕೊಟ್ಟರು. ಮಿಷನ್ ಹೊತ್ತ ಆಟೋ ಹೋದ ಮೇಲೆ ನಾನು ಒಳಗೆ ಹೋಗಿ ನನ್ನ ಕಪ್ಪು ಮಿಷನಿನ ಎದುರು ಕೂತೆ. ಅದು ಉಳಿಯಿತು ಎಂಬ ಸಂತೋಷ ಹತ್ತು ನಿಮಿಷವೂ ನಿಲ್ಲಲಿಲ್ಲ.

ಆ ವಾರ ಯಾವ ಮಿಷನ್ ಬಿಚ್ಚಿದರೂ ನನಗೆ ಆ ಮೂವತ್ತಾರು ಅಂಗಿಯದ್ದೇ ಧ್ಯಾನ. ಇವತ್ತು ಬರುತ್ತಾರೆ, ಬೈಯುತ್ತಾರೆ, ಬೈದರೆ ಒಳ್ಳೆಯದಾಯಿತು ಎಂದು ದಿನವೂ ಬಾಗಿಲು ನೋಡಿದೆ. ಕುಶಲಕ್ಕ ಬರಲಿಲ್ಲ. ಮನೆಯಲ್ಲಿ ಅನ್ನ ಸೇರಲಿಲ್ಲ. ಶನಿವಾರ ನನ್ನ ಹೆಂಡತಿ ವೆರೋನಿಕಾ, "ಬಂಗುಡೆ ಸಾರು ಬಿಟ್ಟು ಏಳುವಷ್ಟು ಎಂತ ಆಗಿದೆ ನಿಮಗೆ?" ಎಂದು ಗದರಿದಳು. ಎಲ್ಲ ಹೇಳಿದೆ. ಅವಳು ತಟ್ಟೆ ಎತ್ತುತ್ತಾ, "ಮಗುವನ್ನು ತಾಯಿಯ ಹತ್ತಿರದಿಂದ ಬಿಡಿಸಲಿಕ್ಕೆ ನಿಮ್ಮ ಒಂದು ಕಬ್ಬಿಣದ ತುಂಡು ಸಾಕಾಯ್ತಲ್ಲ, ಮಾರಾಯ್ರೇ" ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನಗೆ ಅಷ್ಟು ಕಟುವಾಗಿ ಹೇಳಿದ್ದು ಅದೇ ಮೊದಲು.

ಭಾನುವಾರ ಇಗರ್ಜಿಯಿಂದ ನೇರ ಅಂಗಡಿಗೆ ಹೋದೆ. ಮೇಜು, ತುಳಿಮೆಟ್ಟು ಬಿಟ್ಟು ಕಪ್ಪು ಮಿಷನಿನ ತಲೆಯನ್ನಷ್ಟೇ ಮರದ ಪೆಟ್ಟಿಗೆಯಲ್ಲಿಟ್ಟು, ರಿಪೇರಿ ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ವಾಮಂಜೂರಿನ ಬಸ್ಸು ಹತ್ತಿದೆ. ಪೆಟ್ಟಿಗೆಗೆ ಲಗೇಜು ಟಿಕೆಟ್ ತೆಗೆಯಬೇಕೆಂದು ಕಂಡಕ್ಟರ್ ತಕರಾರು ತೆಗೆದ. ಕುಲಶೇಖರದವರೆಗೆ ಅವನೊಡನೆ ಜಗಳ. ನಿಜವಾಗಿ ನಾನು ಜಗಳವಾಡುತ್ತಿದ್ದದ್ದು ನನ್ನೊಡನೆಯೇ.

ಕುಶಲಕ್ಕನ ಮನೆ ರಸ್ತೆಯಿಂದ ಇಳಿದು, ಗದ್ದೆಯ ಹುಣಿಯ ಮೇಲೆ ಸ್ವಲ್ಪ ನಡೆದರೆ ಸಿಗುವ ಹಂಚಿನ ಸಣ್ಣ ಮನೆ. ಜಗಲಿಯ ಕಿಟಕಿಯ ಬೆಳಕಿನಲ್ಲಿ ಹಸಿರು ಮಿಷನ್ ಇತ್ತು, ಅದರ ಮುಂದೆ ಯಾರೂ ಇರಲಿಲ್ಲ. ಕುಶಲಕ್ಕ ಚಾಪೆಯ ಮೇಲೆ ಕೂತು ಬಿಳಿ ಅಂಗಿಯ ಕಾಲರನ್ನು ಕೈಸೂಜಿಯಲ್ಲಿ ಹೊಲಿಯುತ್ತಿದ್ದರು. ಮಗಳು ಪಕ್ಕದಲ್ಲಿ ನೂಲಿನ ತುಂಡುಗಳನ್ನು ಹೆಕ್ಕುತ್ತಿದ್ದಳು. ನನ್ನನ್ನು ಕಂಡು ಕುಶಲಕ್ಕ ಏಳಲೂ ಇಲ್ಲ, ಆಶ್ಚರ್ಯಪಡಲೂ ಇಲ್ಲ.

"ಬನ್ನಿ ಪೊರ್ಬುಗಳೇ, ಕೂತುಕೊಳ್ಳಿ" ಎಂದರು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಆ ಮರ್ಯಾದೆ ಕೇಳಿ ನಾನು ಇನ್ನಷ್ಟು ಕುಗ್ಗಿದೆ.

ಮುಗಿದ ಅಂಗಿಗಳು ಒಂದರ ಮೇಲೊಂದು ಇದ್ದವು. ಒಂದನ್ನು ಎತ್ತಿಕೊಂಡೆ. ಬದಿಯ ಹೊಲಿಗೆ ಮಿಷನಿನದ್ದು. ಹೆಗಲಿನದ್ದೂ ಮಿಷನಿನದ್ದೇ ಎಂದು ತಿಳಿದೆ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದೆ. ಅದು ಕೈಹೊಲಿಗೆ. ಒಂದು ಹೊಲಿಗೆ ಇನ್ನೊಂದಕ್ಕಿಂತ ಕೂದಲಿನಷ್ಟೂ ಉದ್ದವಿರಲಿಲ್ಲ. ಮಿಷನ್‌ಗಳ ನಡುವೆಯೇ ಬದುಕಿದ ನನ್ನ ಕಣ್ಣಿಗೇ ಮೋಸ ಮಾಡುವ ಹೊಲಿಗೆ!

"ನಾಲ್ಕು ಮಡಿಕೆ ಬಂದಲ್ಲಿ ಇದು ಹೊಲಿಗೆ ಹಾರಿಸ್ತದೆ. ಎರಡು ಮಡಿಕೆಗೆ ತೊಂದರೆ ಇಲ್ಲ" ಎಂದರು ಕುಶಲಕ್ಕ, ತಲೆ ಎತ್ತದೆ. "ಹಾಗೆ ಕೆಲಸ ಪಾಲು ಮಾಡಿದೆ. ತೆಳು ಅದಕ್ಕೆ, ದಪ್ಪ ನನಗೆ."

ಅವರ ಹೆಬ್ಬೆರಳಿಗೂ ತೋರುಬೆರಳಿಗೂ ಬಟ್ಟೆಯ ಪಟ್ಟಿ ಸುತ್ತಿತ್ತು. ಪಟ್ಟಿಯ ಮೇಲೆ ಕೆಂಪು ಚುಕ್ಕೆಗಳಿದ್ದವು, ಅಂಗಿಗಳ ಮೇಲೆ ಒಂದೂ ಇರಲಿಲ್ಲ. ಐದು ದಿನಕ್ಕೆ ಆರು ಅಂಗಿ ಆಗಿತ್ತು. ಉಳಿದದ್ದು ಮೂವತ್ತು, ಹಬ್ಬಕ್ಕೆ ಇನ್ನು ಹದಿನಾಲ್ಕೇ ದಿನ. ಆ ಬೆರಳುಗಳು ಎಷ್ಟು ಗಟ್ಟಿಯಾದರೂ ಅದು ಮುಗಿಯುವ ಕೆಲಸವಲ್ಲ.

"ಅಕ್ಕ, ಆ ಕೆಂಪು ಬಟ್ಟೆ ಹೊಲಿದದ್ದು ಇದರಲ್ಲಿ ಅಲ್ಲ" ಎಂದೆ. "ನಾನು ಸುಳ್ಳು ಹೇಳಿದೆ."

"ಗೊತ್ತುಂಟು."

"ಯಾವಾಗ ಗೊತ್ತಾಯ್ತು?"

"ಅಂಗಡಿಯಲ್ಲೇ. ಯಾವ ಮಿಷನ್ ಅಂತ ಕೇಳಿದಾಗ ನೀವು ಮೊದಲು ಒಳಗಿನ ಬಾಗಿಲು ನೋಡಿದ್ರಿ. ಆಮೇಲೆ ಇದನ್ನು ತೋರಿಸಿದ್ರಿ."

"ಗೊತ್ತಿದ್ದೂ ಇದನ್ನೇ ತಕ್ಕೊಂಡ್ರಾ?" ನನ್ನ ಸ್ವರ ಏರಿತು. ತಪ್ಪು ಮಾಡಿದವನು ನಾನು, ಸಿಟ್ಟೂ ನನಗೇ ಬಂತು. "ಅಲ್ಲೇ ನನ್ನ ಕೊರಳಪಟ್ಟಿ ಹಿಡಿಯಬೇಕಿತ್ತಲ್ಲ!"

ಕುಶಲಕ್ಕ ನೂಲನ್ನು ಹಲ್ಲಿನಿಂದ ಕಡಿದು ಅಂಗಿಯನ್ನು ಕೆಳಗಿಟ್ಟರು.

"ಹಿಡಿದಿದ್ರೆ ಮಾವ ಎದ್ದು ಹೋಗ್ತಿದ್ರು. ಮಿಷನೂ ಇಲ್ಲ, ಎಂತದೂ ಇಲ್ಲ. ಎಂಟು ಮಿಷನ್ ಉಂಟು, ಒಂದನ್ನೂ ಓಡಿಸಿ ನೋಡ್ಲಿಕ್ಕಿಲ್ಲ. ಮತ್ತೆ ನನಗೆ ನೋಡ್ಲಿಕ್ಕೆ ಸಿಕ್ಕಿದ್ದು ನಿಮ್ಮ ಹೊಲಿಗೆ ಮಾತ್ರ. ಮೇಜಿನಡಿಯಲ್ಲಿ ಯಾರೂ ಬಗ್ಗಿ ನೋಡದ ಅಂಚು, ಅದರ ಹಿಂಬದಿಯನ್ನೂ ಅಷ್ಟು ಚೆಂದ ಮಾಡಿದ್ರಿ. ಅಂಥವರು ನನಗೆ ಹಾಳು ಮಿಷನ್ ಕೊಟ್ಟು ಸುಮ್ಮನೆ ಕೂರಲಿಕ್ಕಿಲ್ಲ, ಬರ್ತಾರೆ ಅಂತ ಗ್ರಹಿಸಿದೆ." ಸೂಜಿಗೆ ಹೊಸ ನೂಲು ಪೋಣಿಸುತ್ತ ಹೇಳಿದರು: "ಮೂರು ದಿನದಲ್ಲಿ ಬರ್ತೀರಿ ಅಂದ್ಕೊಂಡಿದ್ದೆ. ಐದು ಮಾಡಿದ್ರಿ."

ನಾನು ಎಷ್ಟೋ ಜನರಿಂದ ಬೈಗುಳ ತಿಂದವನು. ಯಾವ ಬೈಗುಳವೂ ನನಗೆ ಹೀಗೆ ತಾಗಿರಲಿಲ್ಲ. ಎಲ್ಲರೂ ಮಿಷನ್ ಆರಿಸಿಕೊಂಡು ಹೋಗುವ ದಿನ ಈ ಹೆಂಗಸು ರಿಪೇರಿಯವನನ್ನು ಆರಿಸಿಕೊಂಡು ಹೋಗಿದ್ದರು. ಆರಿಸಲ್ಪಟ್ಟವನಿಗೆ ಮಾತ್ರ ತನ್ನ ಬೆಲೆ ಗೊತ್ತಿರಲಿಲ್ಲ.

ಪೆಟ್ಟಿಗೆ ತೆರೆದು ಕಪ್ಪು ಮಿಷನನ್ನು ಅವರ ಮುಂದಿಟ್ಟೆ. "ಇದು ಆ ಬಟ್ಟೆ ಹೊಲಿದದ್ದು. ಇನ್ನು ಇದು ನಿಮ್ಮದು. ಹಸಿರನ್ನು ನಾನು ಕೊಂಡುಹೋಗ್ತೇನೆ."

ಕುಶಲಕ್ಕ ಕೈ ಒರೆಸಿಕೊಂಡು ಅದರ ಚಕ್ರವನ್ನು ಮುಂದಕ್ಕೆ, ಸರಿಯಾಗಿ ಮುಂದಕ್ಕೆ, ಒಂದು ಸುತ್ತು ತಿರುಗಿಸಿದರು. ಕಿವಿಗೊಟ್ಟು ಕೇಳಿದರು. ಅವರ ಮುಖದಲ್ಲಿ ಆಸೆ ಕಂಡಿತು, ನಾನು ಸುಳ್ಳು ಹೇಳುವುದಿಲ್ಲ. ಆದರೂ ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟರು.

"ಬೇಡ. ಇದು ನಿಮ್ಮ ಕೈಗೆ ಕೂತದ್ದು. ನನ್ನದನ್ನು ಸರಿ ಮಾಡಿ ಕೊಡಿ."

ಬನಿಯನ್ನಿನಲ್ಲಿ ಕೂತು ಹಸಿರು ಮಿಷನನ್ನು ಬಿಚ್ಚಿದೆ. ಸೂಜಿ ಇಳಿದು ಮೇಲೇಳುವ ಹೊತ್ತಿಗೆ ಕೆಳಗಿನ ಕೊಕ್ಕೆ ಬಂದು ನೂಲನ್ನು ಹಿಡಿಯಬೇಕು. ಇದರಲ್ಲಿ ಕೊಕ್ಕೆ ಒಂದು ಎಳ್ಳಿನಷ್ಟು ತಡವಾಗಿ ಬರುತ್ತಿತ್ತು. ತೆಳು ಬಟ್ಟೆಯಲ್ಲಿ ಅದು ನಡೆದುಹೋಗುತ್ತದೆ, ದಪ್ಪದಲ್ಲಿ ನಡೆಯುವುದಿಲ್ಲ. ಎರಡು ಗಂಟೆ ಕೆಲಸ ಹಿಡಿಯಿತು. ಅಷ್ಟು ಹೊತ್ತೂ ಕುಶಲಕ್ಕ ಕೈಸೂಜಿ ನಿಲ್ಲಿಸಲಿಲ್ಲ, ಬೇಗ ಮಾಡಿ ಎಂದೂ ಹೇಳಲಿಲ್ಲ. ಮಧ್ಯೆ ಒಮ್ಮೆ ಚಾ ಮಾಡಿ ಕೊಡಲು ಮಾತ್ರ ಎದ್ದರು.

ಕೊನೆಗೆ ಅಂಗಿಯ ಬಟ್ಟೆಯ ತುಂಡನ್ನು ನಾಲ್ಕಲ್ಲ, ಆರು ಮಡಿಕೆ ಮಾಡಿ ಸೂಜಿಯ ಕೆಳಗಿಟ್ಟು ತುಳಿದರು. ಮಿಷನ್ ತಡೆಯದೆ ಹತ್ತಿ ಇಳಿಯಿತು. ತುಂಡನ್ನು ಮಗುಚಿ ನೋಡಿದರು, ಉಗುರು ಎಳೆದರು, ಕಿಟಕಿಯ ಬೆಳಕಿಗೆ ಹಿಡಿದರು. ಪರೀಕ್ಷೆಗೆ ಕೂತ ಹುಡುಗನ ಹಾಗೆ ನಾನು ಕಾಯುತ್ತಿದ್ದೆ.

"ಆಯ್ತು" ಎಂದರು. ನಾನು ಚೀಲ ಕಟ್ಟಿ ಎದ್ದಾಗ ಮತ್ತೆ ಕೇಳಿದರು: "ಎಲ್ಲಿಗೆ ಹೋಗುವುದು? ಐದು ದಿನ ನನ್ನದು ಹೋಯ್ತಲ್ಲ, ಅದನ್ನು ಯಾರು ಕೊಡುವುದು? ಗುಂಡಿ ಹಾಕ್ಲಿಕ್ಕೆ ಬರ್ತದಾ?"

ನನಗೆ ಸಿಟ್ಟು ನೆತ್ತಿಗೇರಿತು. ಮಂಗಳೂರಿನ ಅರ್ಧ ಟೈಲರುಗಳು ನನ್ನನ್ನು ಅಣ್ಣ ಎಂದು ಕರೆದು ಮಿಷನ್ ತೋರಿಸುತ್ತಾರೆ. ನನಗೆ ಗುಂಡಿ ಹಾಕಲು ಹೇಳುವುದೆಂದರೇನು! ಆದರೆ ಆ ಪಟ್ಟಿ ಸುತ್ತಿದ ಬೆರಳುಗಳು ನನ್ನ ಎದುರಿಗೇ ಇದ್ದವು. ಕೂತೆ. ಆ ಭಾನುವಾರ ಸಂಜೆಯ ಬಸ್ಸಿನವರೆಗೂ ಗುಂಡಿ ಹಾಕಿದೆ, ಮುಂದಿನ ಭಾನುವಾರವೂ ಬಂದು ಹಾಕಿದೆ. ಎರಡು ಗುಂಡಿಗಳನ್ನು ಕುಶಲಕ್ಕ ಕತ್ತರಿಸಿ ವಾಪಸು ಕೊಟ್ಟರು. "ಇಷ್ಟು ಬಿಗಿಯಾದ್ರೆ ಹುಡುಗರಿಗೆ ಹಾಕ್ಲಿಕ್ಕೆ ಕಷ್ಟ. ಕೆಳಗೆ ಸ್ವಲ್ಪ ನೂಲು ಸಡಿಲ ಬಿಡಿ" ಎಂದರು. ಮನೆಗೆ ಬಂದು ವೆರೋನಿಕಾಳಿಗೆ ಹೇಳಿದರೆ ಅವಳು ನಕ್ಕು ನಕ್ಕು ಸುಸ್ತಾದಳು.

ಮೂರನೆಯ ಭಾನುವಾರ, ಹಬ್ಬದ ಹಂಡೆಗೆ ನೀರು ತುಂಬುವ ದಿನ, ಗುಣಪಾಲ ಶೆಟ್ಟರು ಬೊಂಬಾಯಿ ಬಸ್ಸಿನಿಂದ ಇಳಿದು ಮಣ್ಣಗುಡ್ಡಕ್ಕೂ ಹೋಗದೆ ನೇರ ಅಲ್ಲಿಗೆ ಬಂದರು. ಮೂವತ್ತೈದು ಅಂಗಿಗಳು ಇಸ್ತ್ರಿಯಾಗಿ ಬೆಂಚಿನ ಮೇಲಿದ್ದವು. ನಾನು ಮೂಲೆಯಲ್ಲಿ ಕೊನೆಯ ಅಂಗಿಯ ಕೊನೆಯ ಗುಂಡಿಯ ನೂಲು ಕತ್ತರಿಸುತ್ತಿದ್ದೆ. ಶೆಟ್ಟರು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. ರಾಶಿಯ ಮಧ್ಯದಿಂದ ಒಂದು ಅಂಗಿ ಎಳೆದು, ಕಂಕುಳಿನ ಹೊಲಿಗೆಗೆ ಎರಡೂ ಕೈ ಹಾಕಿ ಜಗ್ಗಿದರು. ಹೊಲಿಗೆ ಬಿಡಲಿಲ್ಲ. ಇನ್ನೊಂದು ಎಳೆದು ಜಗ್ಗಿದರು. ಹತ್ತು ಅಂಗಿಗಳನ್ನು ಹಾಗೆ ಹಿಂಸಿಸಿದರು.

"ಅತ್ತಿಗೆಗೆ ಮಾತು ಕೊಟ್ಟು ಬಂದಿದ್ದೆ, ಹಬ್ಬ ಕಳೆದ ಕೂಡಲೇ ಕರಕೊಂಡು ಬರ್ತೇನೆ ಅಂತ" ಎಂದರು. ಆ ದೊಡ್ಡ ಸ್ವರ ಮೊದಲ ಸಲ ತಗ್ಗಿತ್ತು. "ಇನ್ನು ಬೇರೆ ಜನ ನೋಡ್ಲಿ. ಕಾಗದ ಹಾಕ್ತೇನೆ. ನಿನಗೆ ಹೋಟೆಲಿನ ಪರದೆ, ದಿಂಬಿನ ಕವರು ಎಲ್ಲ ಉಂಟು. ಹಬ್ಬ ಕಳೆದು ಬಾ."

"ಆಯ್ತು ಮಾವ" ಎಂದರು ಕುಶಲಕ್ಕ. ಅಷ್ಟೇ. ಅವರ ಕೈ ಕಿಟಕಿಯ ಸರಳನ್ನು ಹಿಡಿದುಕೊಂಡಿತು. ಅವರು ಹೊರಗೆ ಗದ್ದೆಯ ಕಡೆ ಮುಖ ಮಾಡಿ ನಿಂತರು, ತಿರುಗಲಿಲ್ಲ. ಇಂಥ ಹೆಂಗಸನ್ನು ನಾನು ಹಿಂದೆಯೂ ಕಂಡಿಲ್ಲ, ಆಮೇಲೆ ಈ ಹತ್ತು ವರ್ಷದಲ್ಲೂ ಕಂಡಿಲ್ಲ.

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಸ್ನೇಹಲತಾ ಒಳಗೆ ಹೋದಳು. ತಗಡಿನ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿತು. ಬೋರ್ಡಿಂಗಿಗೆಂದು ತನ್ನ ಬಟ್ಟೆಗಳನ್ನೆಲ್ಲ ಆ ಮಗು ಯಾರಿಗೂ ಹೇಳದೆ ತಾನೇ ಮಡಚಿ ಇಟ್ಟುಕೊಂಡಿತ್ತು. ಈಗ ಒಂದೊಂದಾಗಿ ತೆಗೆದು ಅಮ್ಮನ ಸೀರೆಯ ಪಕ್ಕ ಹಗ್ಗಕ್ಕೆ ಹಾಕಲು ನೋಡುತ್ತಿತ್ತು. ಹಗ್ಗ ಎತ್ತರದಲ್ಲಿತ್ತು, ತುದಿಗಾಲಲ್ಲಿ ನಿಂತರೂ ಎಟುಕುತ್ತಿರಲಿಲ್ಲ. ಶೆಟ್ಟರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಗುವಿನ ಕೈಯಿಂದ ಲಂಗಗಳನ್ನು ಇಸಕೊಂಡು ಹಗ್ಗಕ್ಕೆ ಹಾಕತೊಡಗಿದರು.